ಕುಸನೂರಿನ ಎರಡು ಇಟಲಿ ಗಾಡಿ

ಜಗತ್ತಿನ ಶ್ರೀಮಂತರು ಹಳೇ ಮಾಸೆರಾಟಿ ಕೊಳ್ಳೋದೋ ಲಾನ್ಚಿಯಾ ಕೊಳ್ಳೋದೋ ಅಂತ ತಲೆ ಕೆಡಿಸ್ಕೋತಾರೆ. ಕುಸನೂರಿನ ನಮ್ಮ ಕಾಕಾನ ಮನೆಯಲ್ಲೂ ಸದ್ಯಕ್ಕೆ ಅಂಥದ್ದೇ ಪಂಚಾಯ್ತಿ. ಹಿತ್ತಲಿನ ತಗಡಿನ ಶೆಡ್ಡಿನಾಗ ಎರಡು ಗಾಡಿ ಅದಾವ: 1978ರ ಪ್ರೀಮಿಯರ್ ಪದ್ಮಿನಿ, 1988ರ ಪ್ರೀಮಿಯರ್ 118 ಎನ್‌ಇ. ಹಿತ್ತಲು ಮಾರಿ ಆಗಿದೆ, ದೀಪಾವಳಿಯೊಳಗೆ ಶೆಡ್ಡು ಕೀಳಬೇಕು. ಮನೆ ಮುಂದೆ ಒಂದೇ ಗಾಡಿಗೆ ಜಾಗ. "ಯಾವ್ದು ಇಟ್ಕೋಬೇಕು, ನೀನೇ ಹೇಳು" ಅಂತ ಕಾಕಾ ನನ್ನ ಕೊರಳಿಗೆ ಕಟ್ಟಿಬಿಟ್ಟರು.

ಎರಡರದೂ ಮೂಲ ಟುರಿನ್ನಿನ ಫಿಯೆಟ್. ಇಲ್ಲಿ ಕಟ್ಟಿದ ಪ್ರೀಮಿಯರ್ ಆಟೊಮೊಬೈಲ್ಸ್ 1944ರಲ್ಲಿ ಶುರುವಾದದ್ದು. ಶುರುಮಾಡಿದ ವಾಲಚಂದ್ ಹಿರಾಚಂದ್ ನಮ್ಮ ಮಗ್ಗುಲಿನ ಸೊಲ್ಲಾಪುರದಲ್ಲಿ ಹುಟ್ಟಿದವರು. ಬೆಂಗಳೂರಿನ ವಿಮಾನ ಕಾರ್ಖಾನೆ ಎಬ್ಬಿಸಿದವರೂ ಅವರೇ ಅನ್ನೋದು ನಮ್ಮ ಕಡೆ ಎಷ್ಟೋ ಮಂದಿಗೆ ಗೊತ್ತಿಲ್ಲ.

ಪದ್ಮಿನಿ ಅಂದರೆ ಫಿಯೆಟ್ 1100 ಡಿಲೈಟ್‌ಗೆ ಇಟ್ಟ ಹೊಸ ಹೆಸರು. 1089 ಸಿಸಿ ಎಂಜಿನ್, ಸ್ಟೇರಿಂಗ್ ಪಕ್ಕದಲ್ಲೇ ಗೇರು, ಮುಂದೆ ಉದ್ದನೆಯ ಒಂದೇ ಸೀಟು. ಕಾಕಾ, ಕಾಕು, ನಡುವೆ ನಾನು. ಕಮಲಾಪುರದ ಕೆಂಪು ಬಾಳೆಗೊನೆ ಹಿಂದಿನ ಸೀಟಿನಲ್ಲಿ. ಕಾಕು ಈಗಿಲ್ಲ. ಮೇ ತಿಂಗಳ ನಮ್ಮ ಬಿಸಿಲು ಮಾತ್ರ ಈ ಗಾಡಿಗೆ ಆಗಿಬರಲ್ಲ. ಎಂಜಿನ್ ಕಾದು ಪಂಪಿನಲ್ಲಿ ಪೆಟ್ರೋಲು ಆವಿಯಾಗಿ ನಿಂತುಬಿಡುತ್ತೆ. ಹಸಿ ಬಟ್ಟೆ ಸುತ್ತಿ, ಬೇವಿನ ನೆರಳಿಗೆ ತಳ್ಳಿ ಕಾಯಬೇಕು.

118ರ ಮೈಕಟ್ಟು ಫಿಯೆಟ್ 124ರದು. ಅದು 1967ರಲ್ಲಿ ಯುರೋಪಿನ ವರ್ಷದ ಕಾರು ಅನ್ನಿಸಿಕೊಂಡಿತ್ತು. ರಷ್ಯದ ಲಾಡಾ ಹುಟ್ಟಿದ್ದೂ ಅದರಿಂದಲೇ. ಆದರೆ ಹೃದಯ ಜಪಾನಿನದು, 1171 ಸಿಸಿಯ ನಿಸಾನ್ ಎಂಜಿನ್. ಹೆಸರಿನ ಎನ್‌ಇ ಅಂದರೂ ಅದೇ. ನೋಡೋಕೆ ಬೆಂಕಿಪೆಟ್ಟಿಗೆ, ಖರೆ. ಓಡಿಸೋಕೆ ಕೂತರೆ ಪದ್ಮಿನಿಗಿಂತ ಒಂದು ಕೈ ಮೇಲು. ಹುಮನಾಬಾದ್ ರಸ್ತೆಯ ಏರಿನಲ್ಲಿ ಉಸಿರು ಹಿಡಿಯಲ್ಲ, ಡಿಕ್ಕಿಯಲ್ಲಿ ಒಂದು ಸಂಸಾರವೇ ಹಿಡಿಸುತ್ತೆ.

ಸಂಗ್ರಹಕಾರರನ್ನು ಕೇಳಿದರೆ ಕಣ್ಣು ಮುಚ್ಚಿ ಪದ್ಮಿನಿ ಅಂತಾರೆ. 2023ರ ಅಕ್ಟೋಬರಿನಲ್ಲಿ ಮುಂಬೈನ ಕೊನೆಯ ಪದ್ಮಿನಿ ಟ್ಯಾಕ್ಸಿ ರಸ್ತೆ ಬಿಟ್ಟ ಮೇಲಂತೂ ಮೋಹ ಇನ್ನೂ ಏರಿದೆ. ಅದರ ಮೇಲೆ 2021ರ ವಿಂಟೇಜ್ ನಿಯಮ: ಮೊದಲ ನೋಂದಣಿಗೆ 50 ವರ್ಷ ದಾಟಿರಬೇಕು, ಮೂಲರೂಪ ಕೆಡಿಸಿರಬಾರದು. ನಮ್ಮ ಪದ್ಮಿನಿಗೆ 2028ಕ್ಕೆ ಆ ಯೋಗ. ಆದರೆ ವಿಂಟೇಜ್ ಅಂತ ಬರೆಸಿದ ಗಾಡಿಯನ್ನು ದಿನಾ ಓಡಿಸೋ ಹಾಗಿಲ್ಲ. ಪ್ರದರ್ಶನಕ್ಕೆ, ರ್‍ಯಾಲಿಗೆ, ರಿಪೇರಿಗೆ, ಪೆಟ್ರೋಲು ಹಾಕಿಸೋಕೆ ಅಷ್ಟೇ. ಕಾಕಾಗೆ ಪ್ರತಿ ಸೋಮವಾರ ಶರಣಬಸವೇಶ್ವರ ಗುಡಿಗೆ ತಾವೇ ಓಡಿಸ್ಕೊಂಡು ಹೋಗಬೇಕು.

ನನ್ನ ಲೆಕ್ಕ ಬೇರೆ. ಪದ್ಮಿನಿ ಮಾರಿದರೆ ಅದು ಯಾರದೋ ಮನೆಯಲ್ಲಿ ಬದುಕುತ್ತೆ, ಒರೆಸಿ ಪೂಜೆ ಮಾಡ್ತಾರೆ. 118 ಮಾರಿದರೆ ತೂಕಕ್ಕೆ ಹೋಗುತ್ತೆ. ಒಬ್ಬ ಗುಜರಿಯವ ಆಗಲೇ ಎರಡು ಸಲ ಬಂದು, ಬಾನೆಟ್ ತಟ್ಟಿ ನೋಡಿ ಹೋಗಿದ್ದಾನೆ.

"118 ಇಟ್ಕೊಳ್ರಿ ಕಾಕಾ" ಅಂದೆ.

ಭಾಳ ಹೊತ್ತು ಮಾತಾಡಲಿಲ್ಲ. ಪದ್ಮಿನಿಯ ಮುಂದಿನ ಸೀಟಿನ ಧೂಳು ಕೈಯಿಂದ ಝಾಡಿಸಿದರು. ಆಮೇಲೆ, "ಕೊಡೋದಾದ್ರ ಓಡಿಸೋರಿಗೇ ಕೊಡು. ಧಾಬಾ ಮುಂದ ಲೈಟ್ ಹಚ್ಚಿ ನಿಲ್ಲಿಸೋರಿಗೆ ಬ್ಯಾಡ" ಅಂದರು. ಅಂಥವರನ್ನೇ ಹುಡುಕ್ತಾ ಇದ್ದೇನೆ.