ಎರಡು ಯೂನಿಟ್ ಅಡುಗೆಮನೆ

ನನ್ನ ಮಾಮೂಗೆ ಮೋಟಾರ್ ವೈಂಡಿಂಗ್ ಅಂಗಡಿ ಇದೆ. ಅವರು ಹಳೆಯ ಮಿನಿ ಬಸ್ಸೊಂದನ್ನು ಕೊಂಡು, ಆರ್‌ಟಿಒ ಒಪ್ಪಿಗೆ ಪಡೆದು, ಸೀಟುಗಳನ್ನು ತೆಗೆಸಿ ಎರಡು ಮಂಚ, ಒಂದು ನೀರಿನ ಟ್ಯಾಂಕು, ಒಂದು ಅಡುಗೆ ಕಟ್ಟೆ ಮಾಡಿಸಿದ್ದಾರೆ. ಪತ್ರಿಕೆಗಳಲ್ಲಿ ಇಂಥದ್ದಕ್ಕೆ ಕ್ಯಾರವಾನ್, ಮೋಟರ್‌ಹೋಮ್ ಎಂದೆಲ್ಲ ಬರೆಯುತ್ತಾರೆ. ನಮ್ಮ ಮನೆಯಲ್ಲಿ ಅದು ಬರೀ ‘ಗಾಡಿ’.

ಮೊದಲು ಗಾಡಿಯಲ್ಲಿ 5 ಕೆ.ಜಿ. ಸಿಲಿಂಡರ್ ಮತ್ತು ಒಂಟಿ ಒಲೆ ಇತ್ತು. ಕಳೆದ ದಸರಾ ರಜೆಯಲ್ಲಿ ಬೀದರಿಗೆ ಹೋದಾಗ ರಾತ್ರಿ ಒಂದು ಡಾಬಾದ ಅಂಗಳದಲ್ಲಿ ನಿಲ್ಲಿಸಿ, ಚಳಿಗೆ ಕಿಟಕಿ ಮುಚ್ಚಿ ಮಲಗಿದ್ದೆವು. ಮಲಗುವ ಮುಂಚೆ ಚಹಾ ಮಾಡಿದ್ದು ನಾನು. ಹಾಲು ಉಕ್ಕಿ ಉರಿ ಆರಿತು. ಪಾತ್ರೆ ಇಳಿಸಿದೆ, ಕಟ್ಟೆ ಒರೆಸಿದೆ, ನಾಬ್ ತಿರುಗಿಸುವುದನ್ನು ಮರೆತೆ.

ಅಡುಗೆ ಅನಿಲ ಗಾಳಿಗಿಂತ ಭಾರ. ಅದು ಮೇಲೇರುವುದಿಲ್ಲ, ನೆಲದ ಮೇಲೇ ಹರಡುತ್ತದೆ. ನೆಲದಲ್ಲಿ ಚಾಪೆ ಹಾಸಿ ಮಲಗಿದ್ದವರು ನಾನು ಮತ್ತು ತಮ್ಮ. ಆದರೆ ವಾಸನೆ ಮೊದಲು ಗೊತ್ತಾದದ್ದು ತಹಜ್ಜುದ್‌ಗೆ ಎದ್ದ ನಾನಿಗೆ. ಅವರು ಲೈಟಿನ ಸ್ವಿಚ್ಚಿಗೆ ಕೈ ಚಾಚಿದರು. ‘ಅಮ್ಮಾ, ಮುಟ್ಟಬೇಡಿ!’ ಎಂದು ಮಾಮೂ ಕಿರುಚಿದ್ದು ಇಂದಿಗೂ ನನ್ನ ಕಿವಿಯಲ್ಲಿದೆ. ಬಾಗಿಲು ತೆರೆದು ಎಲ್ಲರೂ ಕಂಬಳಿ ಹೊದ್ದು ಫಜರ್‌ವರೆಗೆ ಹೊರಗೆ ಕುಳಿತೆವು. ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

2023ರ ಆಗಸ್ಟ್ 26ರಂದು ಮದುರೈಯಲ್ಲಿ ನಿಲ್ಲಿಸಿದ್ದ ಪ್ರವಾಸಿ ರೈಲು ಬೋಗಿಗೆ ಬೆಂಕಿ ಬಿದ್ದದ್ದು ಕೆಲವರಿಗೆ ನೆನಪಿರಬಹುದು. ನಿಯಮ ಮೀರಿ ಒಳಗೆ ತಂದಿದ್ದ ಸಿಲಿಂಡರಿನಲ್ಲಿ ಬೆಳಗಿನ ಜಾವ ಚಹಾ ಮಾಡಲು ಹೋಗಿ 9 ಮಂದಿ ತೀರಿಕೊಂಡರು. ಊರಿಗೆ ಬಂದ ಮೇಲೆ ಆ ಸುದ್ದಿಯನ್ನು ನಾನು ಮತ್ತೆ ಹುಡುಕಿ ಓದಿದೆ. ಅವರದೂ ಒಂದು ಚಹಾ, ನನ್ನದೂ ಒಂದು ಚಹಾ.

ಮಾಮೂ ಸಿಲಿಂಡರನ್ನು ಗಾಡಿಯಿಂದ ಇಳಿಸಿಯೇ ಬಿಟ್ಟರು. ಇಂಡಕ್ಷನ್ ಒಲೆ, ರೈಸ್ ಕುಕ್ಕರ್, ಒಂದು ಕೆಟಲ್ ಬಂದವು. ಮಂಚದ ಕೆಳಗೆ ಲಿಥಿಯಂ ಬ್ಯಾಟರಿ, ಛಾವಣಿಯ ಮೇಲೆ 400 ವ್ಯಾಟ್ ಸೋಲಾರ್ ಪ್ಯಾನೆಲ್. ಬ್ಯಾಟರಿಯ ಬೆಲೆಯನ್ನು ಅವರು ಅಮ್ಮಿಗೆ ಈವರೆಗೂ ಹೇಳಿಲ್ಲ.

ಅಮ್ಮಿ ಒಪ್ಪಲಿಲ್ಲ. ‘ಅಡುಗೆ ಮಾಡುವವಳು ನಾನು. ನನ್ನನ್ನು ಒಂದು ಮಾತು ಕೇಳಿದೆಯಾ?’ ಎಂದರು. ಅವರ ಮಾತು ಸರಿಯಾಗಿತ್ತು. ನಮ್ಮ ಮನೆಯ ದೇಗ್ಚಿಗಳೆಲ್ಲ ಅಲ್ಯೂಮಿನಿಯಂ, ಇಂಡಕ್ಷನ್ ಮೇಲಿಟ್ಟರೆ ಬಿಸಿಯೇ ಆಗುವುದಿಲ್ಲ. ಒಂದು ಅಯಸ್ಕಾಂತ ಹಿಡಿದು ಅಡುಗೆಮನೆಯ ಪಾತ್ರೆಗಳನ್ನೆಲ್ಲ ಪರೀಕ್ಷೆ ಮಾಡಿದೆ. ಅಂಟಿಕೊಂಡದ್ದು ಎರಡು ಸ್ಟೀಲ್ ಪಾತ್ರೆ ಮತ್ತು ಕಬ್ಬಿಣದ ತವಾ ಮಾತ್ರ. ಪುಲ್ಕಾ ಉಬ್ಬಿಸಲು ಉರಿಯೂ ಇಲ್ಲ.

ಲೆಕ್ಕ ಬರೆಯುವ ಕೆಲಸ ನಾನೇ ಕೇಳಿ ತೆಗೆದುಕೊಂಡೆ. ಕಾರಣ ಹೇಳಬೇಕಾಗಿಲ್ಲ. 12.8 ವೋಲ್ಟ್, 200 ಆಂಪಿಯರ್-ಅವರ್ ಎಂದರೆ ಸುಮಾರು ಎರಡೂವರೆ ಯೂನಿಟ್, ನಮ್ಮ ಕರೆಂಟ್ ಬಿಲ್ಲಿನಲ್ಲಿ ಬರುವ ಅದೇ ಯೂನಿಟ್. ಇನ್ವರ್ಟರ್ ತಿನ್ನುವುದನ್ನು ಕಳೆದು, ಪೂರ್ತಿ ಖಾಲಿ ಮಾಡದೆ ಸ್ವಲ್ಪ ಉಳಿಸಿದರೆ, ಕೈಗೆ ಸಿಗುವುದು ಎರಡು. ಕೆಟಲಿನಲ್ಲಿ ಒಂದು ಲೀಟರ್ ನೀರು ಕುದಿಯಲು 0.1, ಐದು ಜನರ ಅನ್ನಕ್ಕೆ 0.3, ಒಂದು ಸಾಲನ್‌ಗೆ 0.5. ಗ್ಯಾಸಿನ ಲೆಕ್ಕವನ್ನೂ ಮಾಡಿದೆ. 5 ಕೆ.ಜಿ. ಅನಿಲದಲ್ಲಿ ಸುಮಾರು 64 ಯೂನಿಟ್ ಶಾಖ ಇರುತ್ತದೆ. ಅರ್ಧ ಪಾತ್ರೆಯ ಪಕ್ಕದಿಂದ ಹಾರಿಹೋದರೂ 32 ಉಳಿಯಿತು! ಬರೀ ಅಂಕಿ ನೋಡಿದರೆ ಅಮ್ಮಿಯೇ ಗೆದ್ದಂತೆ. ಇದನ್ನು ಮಾಮೂಗೆ ತೋರಿಸಿದೆ. ‘ಗೊತ್ತು’ ಎಂದಷ್ಟೇ ಹೇಳಿ, ಹೆಬ್ಬೆರಳು ದಪ್ಪದ ವೈರಿಗೆ ಲಗ್ ಒತ್ತುತ್ತಾ ಕುಳಿತರು. ಮನೆಯಲ್ಲಿ 5 ಆಂಪಿಯರ್ ಎಳೆಯುವ ಒಲೆ 12 ವೋಲ್ಟಿನ ಬ್ಯಾಟರಿಯಿಂದ 100 ಆಂಪಿಯರ್ ಎಳೆಯುತ್ತದಂತೆ. ಸಣ್ಣ ವೈರಾದರೆ ಸುಟ್ಟೇ ಹೋಗುತ್ತದೆ. ಕರೆಂಟಿನಲ್ಲೂ ಬೆಂಕಿ ಇದೆ, ಅದು ಕಾಣುವುದಿಲ್ಲ ಅಷ್ಟೆ.

ಮೇ ತಿಂಗಳಲ್ಲಿ ಕಲಬುರಗಿಗೆ, ಖ್ವಾಜಾ ಬಂದಾ ನವಾಜರ ದರ್ಗಾಕ್ಕೆ ಹೊರಟೆವು. ಆ ಬಿಸಿಲಿನಲ್ಲಿ ಗಾಡಿಯೊಳಗೆ ಉರಿಯಿಲ್ಲದ ಅಡುಗೆ ಎಷ್ಟು ಸುಖ ಎಂದು ಅಮ್ಮಿಯೇ ಮೊದಲ ದಿನ ಒಪ್ಪಿಕೊಂಡರು. ಕುಕ್ಕರ್ ಮತ್ತು ಒಲೆ ಒಟ್ಟಿಗೆ ಹಾಕಿ ಒಮ್ಮೆ ಇನ್ವರ್ಟರ್ ಟ್ರಿಪ್ ಆದದ್ದು ಬಿಟ್ಟರೆ ಎಲ್ಲ ಸರಿಯಿತ್ತು. ಎರಡನೆಯ ಸಂಜೆ ಮಾಮೂ ಸುಮ್ಮನಿರದೆ ‘ಆಪಾ, ಇದರಲ್ಲಿ ಬಿರಿಯಾನಿಯೂ ಆಗುತ್ತದೆ’ ಎಂದುಬಿಟ್ಟರು.

ಅಮ್ಮಿ ಹಟಕ್ಕೆ ಬಿದ್ದು ತಮ್ಮ ಅಲ್ಯೂಮಿನಿಯಂ ದೇಗ್ಚಿಯನ್ನೇ ತೆಗೆದರು. ಕೆಳಗೆ ಕಬ್ಬಿಣದ ತವಾ ಇಟ್ಟರೆ ತವಾ ಕಾಯುತ್ತದೆ, ತವಾದಿಂದ ದೇಗ್ಚಿ ಕಾಯುತ್ತದೆ. ಅವರ ಉಪಾಯ ಫಲಿಸಿತು. ಈರುಳ್ಳಿ ಕೆಂಪಗಾಯಿತು, ಮಾಂಸ ಬೆಂದಿತು, ಹಿಟ್ಟಿನಿಂದ ಮುಚ್ಚಳ ಮುಚ್ಚಿ ದಮ್ ಕೊಟ್ಟರು. ಅಂಥ ಬಿರಿಯಾನಿ ನಾನು ಮನೆಯಲ್ಲೂ ತಿಂದಿಲ್ಲ. ಆ ರಾತ್ರಿ ಲೆಕ್ಕದ ಪುಸ್ತಕವನ್ನು ನಾನು ತೆರೆಯಲಿಲ್ಲ.

ಬೆಳಿಗ್ಗೆ ಇನ್ವರ್ಟರ್ ಬೀಪ್ ಬೀಪ್ ಎಂದು ಕೂಗಿ ಆರಿಹೋಯಿತು. ಬ್ಯಾಟರಿ ಶೇ 9. ತವಾ ಸುತ್ತಲಿನ ಗಾಳಿಯನ್ನೂ ಕಾಯಿಸಿತ್ತು, ರಾತ್ರಿಯಿಡೀ ಫ್ಯಾನು ಓಡಿತ್ತು. ಜೊತೆಗೆ ನಾನಿಯ ಇನ್ಸುಲಿನ್ ಇಟ್ಟಿದ್ದ ಪುಟ್ಟ ಫ್ರಿಜ್ಜು ಅದೇ ಬ್ಯಾಟರಿಯ ಮೇಲಿತ್ತು. ನಾನಿ ಆಗಲೇ ಸೂಜಿ ಹಾಕಿಕೊಂಡು ಕುಳಿತಿದ್ದರು. ಅರ್ಧ ಗಂಟೆಯೊಳಗೆ ತಿಂಡಿ ಆಗಲೇಬೇಕು. ನನಗೆ ಕೈಕಾಲು ಆಡಲಿಲ್ಲ. ಮತ್ತೆ ನನ್ನದೇ ಕೆಲಸ, ಮತ್ತೆ ನನ್ನದೇ ಮರೆವು.

ಮಾಮೂ ಬ್ಯಾಟರಿ ಚಾರ್ಜ್ ಆಗಲೆಂದು ಇಂಜಿನ್ ಸ್ಟಾರ್ಟ್ ಮಾಡಿದರು. ಅಮ್ಮಿ ಯಾರನ್ನೂ ಕೇಳದೆ ಫ್ಲಾಸ್ಕ್ ತೆಗೆದು, ರಾತ್ರಿಯ ಬಿಸಿನೀರನ್ನು ತೆಳು ಅವಲಕ್ಕಿಯ ಮೇಲೆ ಸುರಿದು, ಉಪ್ಪು ನಿಂಬೆ ಹಾಕಿ ನಾನಿಯ ಕೈಗೆ ಕೊಟ್ಟರು. ಐದು ನಿಮಿಷವೂ ಆಗಲಿಲ್ಲ. ಬಿಸಿನೀರನ್ನು ಯಾವಾಗ ತುಂಬಿಟ್ಟಿದ್ದಿರಿ ಎಂದು ಕೇಳಿದೆ. ‘ಬಿರಿಯಾನಿ ಒಲೆಗೆ ಏರಿಸುವ ಮುಂಚೆ’ ಎಂದರು.

ಆಮೇಲೆ ಪುಸ್ತಕ ಕೊಡು ಎಂದು ಇಸಿದುಕೊಂಡರು. ನಾನು ಎಡದಿಂದ ಕನ್ನಡದಲ್ಲಿ ಬರೆದ ಪುಟದಲ್ಲೇ ಅವರು ಬಲದಿಂದ ಉರ್ದುವಿನಲ್ಲಿ ಬರೆದರು: ನಾನಿಯ ಬೆಳಗಿನ ತಿಂಡಿ ಮತ್ತು ಫ್ರಿಜ್ಜು, ಅರ್ಧ ಯೂನಿಟ್, ಯಾರೂ ಮುಟ್ಟಬಾರದು. ನಮ್ಮ ಅಕೌಂಟೆನ್ಸಿ ಪಾಠದಲ್ಲಿ ಇದಕ್ಕೆ ಮೀಸಲು ನಿಧಿ ಎನ್ನುತ್ತಾರೆಂದು ಹೇಳಿದೆ. ಅದಕ್ಕೆ ಹೆಸರೂ ಇದೆಯಾ ಎಂದು ನಕ್ಕರು.

ಈಗ ಆ ಪುಸ್ತಕ ಅಮ್ಮಿಯ ಬಳಿಯೇ ಇದೆ. ಗಾಡಿಗೆಂದು ಸ್ಟೀಲಿನ ದಪ್ಪ ತಳದ ದೇಗ್ಚಿಯೊಂದು ಬಂದಿದೆ, ಅಂಗಡಿಗೆ ಅಯಸ್ಕಾಂತ ಹಿಡಿದುಕೊಂಡು ಹೋದದ್ದು ಅವರೇ. ಪುಲ್ಕಾ ವಿಷಯದಲ್ಲಿ ಮಾತ್ರ ಇನ್ನೂ ರಾಜಿಯಾಗಿಲ್ಲ.