ತುಂಗಭದ್ರೆಯ ಎರಡು ದಡಗಳು

ತಳವಾರಘಟ್ಟದ ಹೆಬ್ಬಾಗಿಲನ್ನು ದಾಟಿ ಇಳಿದರೆ ತುಂಗಭದ್ರೆ. ಈಚೆಗೆ ಹಂಪೆ, ಆಚೆಗೆ ಆನೆಗೊಂದಿ. ವಿಜಯನಗರದ ಅರಸರಿಗೆ ಎರಡೂ ಒಂದೇ ನೆಲ. ಇಂದು ಜಿಲ್ಲೆ ಬೇರೆ, ಮತಕ್ಷೇತ್ರ ಬೇರೆ. ವೇದಿಕೆಯೇರಿದಾಗ ಹಂಪೆಯನ್ನು ಹೊಗಳದ ಉಮೇದುವಾರನುಂಟೆ? ಸೇತುವೆಯ ಮಾತು ಬಂದೊಡನೆ ಮಾತ್ರ ನಾಲಗೆ ತಡವರಿಸುತ್ತದೆ.

1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಹಂಪೆ, ಇಲ್ಲಿ ಏಳುತ್ತಿದ್ದ ಸೇತುವೆಯ ದೆಸೆಯಿಂದ 1999ರಲ್ಲಿ ಅಪಾಯದ ಪಟ್ಟಿಯನ್ನೂ ಸೇರಿತು. ಆ ಕಳಂಕ ಕಳೆದುದು 2006ರಲ್ಲಿ. ಮತ್ತೆ ಕೈಹಚ್ಚಿದ ಸೇತುವೆ 2009ರ ಜನವರಿಯಲ್ಲಿ ಕುಸಿದು ಕೂಲಿಕಾರರನ್ನು ಬಲಿ ತೆಗೆದುಕೊಂಡಿತು.

ಕಲ್ಲು ಹೆಚ್ಚೋ ಜನ ಹೆಚ್ಚೋ ಎಂದು ಕೇಳಿ ಚಪ್ಪಾಳೆ ಗಿಟ್ಟಿಸುವುದು ಸುಲಭ. ಆದರೆ ವಿಠ್ಠಲ ದೇವಾಲಯದ ಸಮೀಪ ಹೊಳೆಯೊಳಗೆ ಸಾಲಾಗಿ ನಿಂತಿರುವ ಹಳೆಯ ಕಲ್ಲುಕಂಬಗಳೂ ಸೇತುವೆಯವೇ! ಹೊಳೆ ದಾಟುವ ಕಷ್ಟವನ್ನು ಅಂದಿನವರೂ ಬಲ್ಲರು. ಸೇತುವೆ ಬೇಕೆ ಎಂಬುದಲ್ಲ, ಎಲ್ಲಿ ಬೇಕು ಎಂಬುದೇ ಇಲ್ಲಿನ ಪ್ರಶ್ನೆಯಾಗಿತ್ತು. ಕೊನೆಗೆ ಸ್ಮಾರಕಗಳಿಂದ ದೂರಕ್ಕೆ ಸರಿದು, ಬುಕ್ಕಸಾಗರ–ಕಡೇಬಾಗಿಲುಗಳ ನಡುವೆ ಸೇತುವೆಯಾಯಿತು. ಈ ಬುದ್ಧಿ ಮೊದಲೇ ಹೊಳೆದಿದ್ದರೆ ಆ ಕೂಲಿಕಾರರು ಸಂಜೆಗೆ ಮನೆ ಸೇರುತ್ತಿದ್ದರು.