ನೆಟ್ ಆರಿಸಿ ತೆರೆದು ನೋಡಿ

2002ರಲ್ಲಿ ಮೈಸೂರಿನ ಸೈಬರ್ ಕೆಫೆಗಳಲ್ಲಿ ಗಂಟೆಗೆ ಇಪ್ಪತ್ತು ರೂಪಾಯಿ ಇತ್ತು. ಬೇಕಾದ ಪುಟ ಸಿಕ್ಕರೆ ಸೇವ್ ಮಾಡಿಕೊಳ್ಳುತ್ತಿದ್ದೆ. ಬರಹಕ್ಕೊಂದು ಫೈಲು, ಚಿತ್ರಗಳಿಗೊಂದು ಫೋಲ್ಡರು. ಎರಡೂ 1.44 ಎಂಬಿಯ ಫ್ಲಾಪಿಯಲ್ಲಿ ಹಿಡಿಯುತ್ತಿದ್ದವು. ಹದಿನೈದು ರೂಪಾಯಿಯ ಆ ಫ್ಲಾಪಿಗಳನ್ನು ನಡುಮನೆಯ ನಾಗಂದಿಗೆಯ ಮೇಲೆ, ಅಮ್ಮನ ಸೀರೆ ಟ್ರಂಕಿನ ಪಕ್ಕದಲ್ಲಿಡುತ್ತಿದ್ದೆ. ಕೈಗೆತ್ತಿಕೊಂಡರೆ ನುಸಿಗುಳಿಗೆಯ ವಾಸನೆ ಬರುತ್ತಿತ್ತು.

ಆಗಿನ ಕನ್ನಡ ತಾಣಗಳಲ್ಲಿ ಯುನಿಕೋಡ್ ಇನ್ನೂ ಬಳಕೆಗೆ ಬಂದಿರಲಿಲ್ಲ. ಪತ್ರಿಕೆಗಳು ತಮ್ಮ ಫಾಂಟನ್ನು ಪುಟದ ಜೊತೆಗೇ ಕಳಿಸುತ್ತಿದ್ದವು, ಆದರೆ ಸೇವ್ ಮಾಡಿದಾಗ ಅದು ಹಿಂದೆಯೇ ಉಳಿಯುತ್ತಿತ್ತು. ಸೋದರಮಾವನಿಗೆಂದು ತಂದ ಲೇಖನ ಮನೆಯಲ್ಲಿ ತೆರೆದಾಗ ‘ಕ’ ಇರಬೇಕಾದಲ್ಲಿ ಇಂಗ್ಲಿಷಿನ ಪಿ, ಅದರ ಪಕ್ಕ ನೆತ್ತಿಯ ಮೇಲೆ ಗೆರೆ ಹೊತ್ತ ಎ ಕಾಣಿಸಿತು. ಅದನ್ನು ವರ್ಡ್‌ಗೆ ಅಂಟಿಸಿ ನುಡಿ ಫಾಂಟು ಕೊಟ್ಟ ಮೇಲೆ ಮಾವ ಕನ್ನಡಕ ಏರಿಸಿ ಓದಿದರು. ಫೈಲು ಉಳಿದರೆ ಪುಟ ಉಳಿದಂತಲ್ಲ ಎಂಬುದು ಅಂದೇ ಮನದಟ್ಟಾಯಿತು.

ಅಷ್ಟರಲ್ಲಿ ದೊಡ್ಡ ಮಟ್ಟದಲ್ಲೂ ಈ ಕೆಲಸ ಶುರುವಾಗಿತ್ತು. ಬ್ರೂಸ್ಟರ್ ಕೇಲ್ 1996ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಂಟರ್ನೆಟ್ ಆರ್ಕೈವ್ ಕಟ್ಟಿದರು. 2001ರಲ್ಲಿ ಅದರ ವೇಬ್ಯಾಕ್ ಮಷೀನ್ ಎಲ್ಲರಿಗೂ ತೆರೆಯಿತು. ಅದಕ್ಕೆ ಪುಟ ತರುವ ಕ್ರಾಲರ್ ಎಂಬ ತಂತ್ರಾಂಶ ಒಂದು ಕೊಂಡಿಯಿಂದ ಇನ್ನೊಂದಕ್ಕೆ ಸಾಗುತ್ತ, ಸಿಕ್ಕ ಪುಟವನ್ನೂ ಚಿತ್ರಗಳನ್ನೂ ಎತ್ತಿಡುತ್ತಿತ್ತು. ಅಂದಿನ ಪುಟಗಳಿಗೆ ಅಷ್ಟು ಸಾಕಾಗಿತ್ತು.

ಆಮೇಲೆ ಪುಟಗಳ ಸ್ವಭಾವವೇ ಬದಲಾಯಿತು. ಸರ್ವರ್ ಬರೀ ಚೌಕಟ್ಟು ಕಳಿಸತೊಡಗಿತು. ಒಳಗಿನದನ್ನೆಲ್ಲ ಜಾವಾಸ್ಕ್ರಿಪ್ಟ್ ನಮ್ಮ ಬ್ರೌಸರಿನಲ್ಲೇ ತುಂಬತೊಡಗಿತು. ಸ್ಕ್ರಿಪ್ಟ್ ಓಡಿಸದ ಕ್ರಾಲರಿಗೆ ಚೌಕಟ್ಟು ಮಾತ್ರ ಸಿಕ್ಕಿತು. ಯಾವ ಸಲಕರಣೆ ಏನನ್ನು ಬಿಟ್ಟುಬಿಡುತ್ತದೆ ಎಂದು ಅಳೆಯಲು ಅಮೆರಿಕದ ಓಲ್ಡ್ ಡೊಮಿನಿಯನ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ‘ಆರ್ಕೈವಲ್ ಆ್ಯಸಿಡ್ ಟೆಸ್ಟ್’ ಎಂಬ ಪರೀಕ್ಷೆಯನ್ನೇ ರೂಪಿಸಿದರು.

ಈಚೆಗೆ ಅಣ್ಣನ ಮಗಳು ತನ್ನ ನಾಟಕ ತಂಡದ ತಾಣವನ್ನು ಕಾಪಿಡಲು ಕೂತಳು. ಪಿಡಿಎಫ್ ಮಾಡಿದಳು, ಡಬ್ಲ್ಯೂಗೆಟ್ (wget) ಎಂಬ ಸಲಕರಣೆಯಿಂದ ಇಳಿಸಿದಳು, ವೆಬ್‌ರೆಕಾರ್ಡರ್‌ನವರ ಆರ್ಕೈವ್‌ವೆಬ್.ಪೇಜ್ ಎಂಬ ಸಲಕರಣೆಯನ್ನು ಬ್ರೌಸರಿಗೆ ಹಾಕಿಕೊಂಡು ಪುಟಗಳನ್ನೆಲ್ಲ ಓಡಾಡಿ ರೆಕಾರ್ಡ್ ಮಾಡಿದಳು. “ಚಿಕ್ಕಪ್ಪ, ಎಲ್ಲಾ ಬಂತು” ಅಂದಳು. “ವೈಫೈ ಆರಿಸಿ ತೆರೆಯಮ್ಮ” ಅಂದೆ. ಪಿಡಿಎಫ್‌ನಲ್ಲಿ ವಿಡಿಯೋ ಇದ್ದ ಜಾಗ ಕಪ್ಪು ಚೌಕವಾಗಿತ್ತು. ಡಬ್ಲ್ಯೂಗೆಟ್ ತಂದದ್ದರಲ್ಲಿ ತಲೆಬರಹದ ಕೆಳಗೆ ಏನೂ ಇರಲಿಲ್ಲ. ರೆಕಾರ್ಡ್ ಮಾಡಿದ್ದರಲ್ಲಿ ಅವಳು ಜಾರಿಸಿ ನೋಡಿದಷ್ಟು ಫೋಟೋಗಳೂ ಫಾಂಟೂ ನೆಟ್ಟಗೆ ಬಂದವು, ಅದರಾಚೆಗಿನವು ಬರಲಿಲ್ಲ. ನಕ್ಷೆಯನ್ನು ಅವಳು ಹಿಗ್ಗಿಸದ ಕಡೆ ಬೂದು ಚೌಕಗಳಿದ್ದವು. ಬ್ರೌಸರ್ ತರಿಸಿಕೊಂಡದ್ದನ್ನೇ ಆ ಸಲಕರಣೆ ದಾಖಲಿಸುತ್ತದೆ; ನಾವು ಮುಟ್ಟದಿದ್ದದ್ದು ಅದಕ್ಕೂ ಸಿಗುವುದಿಲ್ಲ.

ನೆಟ್ ಆರಿಸಲು ಹೇಳಿದ್ದಕ್ಕೆ ಕಾರಣವಿತ್ತು. ಹಳೆಯ ದಿನಾಂಕದ ಒಂದು ಪ್ರತಿಯಲ್ಲಿ ಹೊಸ ಜಾಹೀರಾತು ಕೂತಿದ್ದನ್ನು ಹಿಂದೊಮ್ಮೆ ಕಂಡಿದ್ದೆ. ಪುಟದೊಳಗಿನ ಸ್ಕ್ರಿಪ್ಟು, ಪ್ರತಿಯಲ್ಲಿ ಇಲ್ಲದ್ದನ್ನು ಸದ್ದಿಲ್ಲದೆ ಇಂದಿನ ಜಾಲದಿಂದ ತಂದು ತುಂಬಿತ್ತು. ಅಂಥ ಪ್ರತಿ ನೋಡಲು ಪೂರ್ತಿಯಾಗಿರುತ್ತದೆ; ಮೂಲ ತಾಣ ಮುಚ್ಚಿದ ದಿನ ತೂತುಗಳು ಬಯಲಾಗುತ್ತವೆ.

ಆ ಸಂಜೆ ಅವಳು, ಬಿಟ್ಟುಹೋಗಿದ್ದ ಫೋಟೋಗಳನ್ನೂ ನಕ್ಷೆಯನ್ನೂ ಮತ್ತೆ ರೆಕಾರ್ಡ್ ಮಾಡಿದಳು. ತಾಣ ಇನ್ನೂ ನಡೆಯುತ್ತಿದ್ದುದರಿಂದ ಅದು ಸಾಧ್ಯವಾಯಿತು. ನೀವೂ ನೆಟ್ ಆರಿಸಿ ನೋಡುವ ಈ ಪರೀಕ್ಷೆಯನ್ನು ಮುಂದೂಡಬೇಡಿ; ಮೂಲ ಇರುವಾಗಲಷ್ಟೇ ಕೊರತೆ ತುಂಬಿಕೊಳ್ಳಲು ಆಗುತ್ತದೆ.